ಶುಕ್ರವಾರದ ಗುರುತ್ವಾಕರ್ಷಣೆ

ತನಗೆ ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಹೇಳುವಷ್ಟು ಸುಖ ಬೇರೊಂದಿಲ್ಲ. ಗೊತ್ತಿದ್ದವನಿಗೆ ನೂರು ಅನುಮಾನ. ಗೊತ್ತಿಲ್ಲದವನಿಗೆ ಒಂದೂ ಇಲ್ಲ. ಹಾಸನದ ಕಾಲೇಜಿನಲ್ಲಿ ಕನ್ನಡ ಪಂಡಿತನಾಗಿದ್ದ ನನಗೆ ಈ ಸುಖ ಯುದ್ಧದ ಕಾಲದಲ್ಲಿ ಒದಗಿತು. ಸಕ್ಕರೆಯೂ ಸಿಗದ ದಿನಗಳಲ್ಲಿ ಸಿಕ್ಕ ಸುಖವನ್ನು ಯಾರು ಬಿಡುತ್ತಾರೆ?

ಇತಿಹಾಸ, ತರ್ಕ ಓದುವ ಹುಡುಗರಿಗೂ ಒಂದಿಷ್ಟು ವಿಜ್ಞಾನ ತಿಳಿದಿರಲಿ ಎಂದು ಶುಕ್ರವಾರ ಮಧ್ಯಾಹ್ನ ಒಂದು ಪಾಠ ಶುರುವಾಗಿತ್ತು. ಹೇಳುತ್ತಿದ್ದವರು ಭೌತಶಾಸ್ತ್ರದ ವೆಂಕಟರಮಣಯ್ಯ. ಅವರ ಊರು ಸಂಗೀತಗಾರರಿಗೆ ಹೆಸರಾದ ರುದ್ರಪಟ್ಟಣ. ಆ ಊರಿನವರೆಂದ ಮೇಲೆ ಹಾಡಲೇಬೇಕೆಂದು ಹೋದಲ್ಲೆಲ್ಲ ಜನ ಪೀಡಿಸುತ್ತಿದ್ದರು. ಪಾಪ, ಅವರಿಗೆ ಹಾಡು ಬರುತ್ತಿರಲಿಲ್ಲ. ಈ ಪಾಠವೇ ಅವರ ಸಂಗೀತ. ಇಂಗ್ಲಿಷ್ ಪದಗಳಿಗೆಲ್ಲ ಕನ್ನಡ ಹುಡುಕಿ, ಮಹಡಿಯಿಂದ ತೆಂಗಿನಕಾಯಿ ಬೀಳಿಸಿ ತೋರಿಸಿ, ಮೈಮರೆತು ಕಲಿಸುತ್ತಿದ್ದರು. ಆ ಗಂಟೆಯನ್ನು ಡ್ರಿಲ್ಲಿಗೆ ಕೊಡಬೇಕೆಂದು ಕೆಲವರು ಹಟ ಹಿಡಿದಾಗ, ಪಾಠದಿಂದ ಪ್ರಯೋಜನವಿದೆಯೋ ಇಲ್ಲವೋ ನೋಡಿ ಹೇಳಿ ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು. ನನಗೆ ವಿಜ್ಞಾನದ ಗಂಧವೂ ಇಲ್ಲವಲ್ಲ ಎಂದೆ. ಅದಕ್ಕೇ ನೀವು ಪಕ್ಷಪಾತ ಮಾಡಲಾರಿರಿ ಎಂದರು. ಅಂದಿನಿಂದ ವೆಂಕಟರಮಣಯ್ಯನವರು ನನ್ನನ್ನು ಕಂಡರೆ ಎದ್ದು ನಿಲ್ಲತೊಡಗಿದರು. ನನಗದು ಹಿತವಾಗಿಯೇ ಇತ್ತು.

ಶುಕ್ರವಾರ ಜರಿಪೇಟ ಸುತ್ತಿಕೊಂಡು ತರಗತಿಗೆ ಹೋಗಿ, ಗುರುತ್ವಾಕರ್ಷಣೆ ಎಂದರೇನೆಂದು ಕೇಳಿದೆ. ಅರಕಲಗೂಡಿನ ಕಡೆಯ ನಂಜೇಗೌಡ ಎದ್ದು ನಿಂತ.

"ಗುರುಗೋಳು ಶಿಷ್ಯರ್ನ ತಮ್ ಕಡೀಕೆ ಎಳ್ಕೊಳ್ಳೋ ಶಕ್ತಿ ಸಾ. ದೂರ ಓದಂಗೆಲ್ಲ ಕಮ್ಮಿ ಆಯ್ತದೆ."

ಅವನು ಪದ ಬಿಡಿಸಿದ ಚಂದಕ್ಕೆ ನಾನು ಕರಗಿಹೋದೆ. ಹಿಂದಿನ ಬೆಂಚಿನವರು ಯಾಕೆ ತೂಕಡಿಸುತ್ತಾರೆಂಬುದಕ್ಕೂ ಕಾರಣ ಸಿಕ್ಕಿತು. ವಿಜ್ಞಾನ ಇಷ್ಟು ಸುಲಭವೇ ಎನ್ನಿಸಿ ಭೇಷ್ ಎಂದುಬಿಟ್ಟೆ. ವೆಂಕಟರಮಣಯ್ಯನವರ ಮುಖ ಸಪ್ಪಗಾಯಿತು. ಹೊರಗೆ ಬಂದ ಮೇಲೆ, ಹುಡುಗ ಚೆನ್ನಾಗಿಯೇ ಹೇಳಿದನಲ್ಲ, ನಿಮ್ಮ ಪಾಠ ಉಳಿಯಿತು ಬಿಡಿ ಎಂದು ಸಮಾಧಾನ ಹೇಳಿದೆ.

"ಗುರು ಅಂದ್ರೆ ಇಲ್ಲಿ ಭಾರ ಸ್ವಾಮಿ," ಎಂದರು ಅವರು ಮೆಲ್ಲಗೆ. "ಛಂದಸ್ಸಿನ ಪಾಠದಲ್ಲಿ ಲಘು ಗುರು ಅಂತ ದಿನಾ ಹೇಳ್ಕೊಡೋರು ನೀವೇ ಅಲ್ವೆ?"

ನಾಚಿಕೆಯಿಂದ ಪೇಟದೊಳಗೆ ತಲೆ ಬೆವರಿತು. ನೇರವಾಗಿ ಪ್ರಿನ್ಸಿಪಾಲರ ಬಳಿ ಹೋಗಿ, ಈ ಪಾಠ ಅತ್ಯಗತ್ಯ, ನಿಲ್ಲಿಸಕೂಡದು ಎಂದೆ. ಯಾರಿಗೆ ಅಗತ್ಯ ಎಂದು ಕೇಳಿದರು. ನಡೆದದ್ದನ್ನು ಹೇಳದೆ ವಿಧಿಯಿರಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ಪಾಠವನ್ನು ಉಳಿಸಿದರು. ನಾನೂ ಅಲ್ಲಿ ಹೋಗಿ ಕೂರಬೇಕೆಂದು ಅಪ್ಪಣೆ ಮಾಡಿದರು. ವೆಂಕಟರಮಣಯ್ಯನವರ ಸಂತೋಷ ಕಂಡು ನನಗೂ ನಿಜವಾಗಿ ಸಂತೋಷವಾಯಿತು.

ಮುಂದಿನ ಶುಕ್ರವಾರ ಹೋದಾಗ ನಂಜೇಗೌಡ ಬೆಂಚಿನ ಮೇಲೆ ಸರಿದು ನನಗೆ ಜಾಗ ಕೊಟ್ಟ. ಆಮೇಲೆ ಕಿವಿಯ ಬಳಿ ಬಗ್ಗಿ, "ತಿಳೀದಿದ್ರೆ ನನ್ನ ಕೇಳಿ ಸಾ, ಯೇಳ್ಕೊಡ್ತೀನಿ" ಎಂದ.