ಏಳು ವರ್ಷದ ಧೂಳು

ಅಂಗಡಿ ಚೊಕ್ಕಟವಾಗಿದೆ ಎಂಬ ಒಂದೇ ಕಾರಣಕ್ಕೆ ತಲೆಯ ಮೇಲೆ ಕೈಹೊತ್ತು ಕೂತ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಬೇಕೆಂದಿದ್ದರೆ ಆ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹಾನುಬಾಳಿಗೆ ಬರಬೇಕಿತ್ತು. ಬಸ್ಸು ನಿಲ್ಲುವ ಜಾಗದ ಎದುರಿನ ಎರಡನೇ ಮಳಿಗೆ, ಅಕ್ಕಸಾಲಿ ನಟರಾಜಾಚಾರಿಯದು.

ಪಾಪ, ಬೆಳಿಗ್ಗೆ ಹೊರಡುವಾಗ ಖುಷಿಯಾಗಿಯೇ ಹೊರಟಿದ್ದ. ರಾಜಲಕ್ಷ್ಮಮ್ಮನವರ ಎಸ್ಟೇಟ್ ಬಂಗಲೆಗೆ ಹೋಗಿ, ಮರುದಿನ ಮದುವೆಯಾಗಲಿದ್ದ ಅವರ ಮಗಳ ಕರಿಮಣಿ ಸರ ಒಪ್ಪಿಸಿ, ಹೊಗಳಿಕೆ ಕೇಳಿ, ಬಂಗಲೆಯ ಸ್ಟ್ರಾಂಗ್ ಕಾಫಿ ಕುಡಿದು ಬಸ್ಸಿಳಿದ. ಬಂದು ನೋಡಿದರೆ ಅಂಗಡಿಯ ನೆಲ ಥಳಥಳ ಅನ್ನುತ್ತಿದೆ. ಅಗ್ಗಿಷ್ಟಿಕೆ, ಇಕ್ಕಳ, ಅರ, ಒರೆಗಲ್ಲು ಎಲ್ಲ ಸಾಲಾಗಿ ಕೂತಿವೆ. ಕೆಲಸದ ಮಣೆಯ ಹಿಂದಿನ ಮೂಲೆ ಮಾತ್ರ ಖಾಲಿ. ಅಲ್ಲಿ ಇರಬೇಕಾಗಿದ್ದ ಗೋಣಿಚೀಲ ಇಲ್ಲ.

"ಹೆಂಗೈತೆ ನಟ್ರಾಜಣ್ಣ?" ಎಂದು ಪಕ್ಕದ ಮಳಿಗೆಯಿಂದ ಮುಬಾರಕ್ ಇಣುಕಿದ. ಆರು ತಿಂಗಳ ಹಿಂದೆ ಮೊಬೈಲ್ ರಿಪೇರಿ ಅಂಗಡಿ ತೆರೆದ ಹುಡುಗ. ಒಳ್ಳೆಯವನು. ಅವನ ಒಳ್ಳೆಯತನಕ್ಕೆ ಅಡ್ಡ ಸಿಕ್ಕವರು ಮಾತ್ರ ಹಾಳಾಗುತ್ತಿದ್ದರು. "ಮೀಟರ್ ನೋಡೋರು ಬಂದ್ರೆ ಇರ್ಲಿ ಅಂತ ಬೀಗದ ಕೈ ಕೊಟ್ಟು ಹೋಗಿದ್ರಲ್ಲ, ಹಂಗೇ ಒಂಚೂರು ಗುಡಿಸಿ ಒರೆಸ್ದೆ. ನಿಮ್ಮ ಅಂಗಡಿ ಧೂಳೆಲ್ಲ ನನ್ನ ಫೋನ್‌ಗಳ ಸ್ಪೀಕರ್ ಒಳಗೆ ಹೋಗ್ತಿತ್ತು ಕಣಣ್ಣ."

"ಮೂಲೇಲಿ ಒಂದು ಚೀಲ ಇತ್ತಲ್ಲೋ?"

"ಕಸದ್ದಾ? ಕಸದ ಗಾಡಿ ಬಂತು, ಕೊಟ್ಬುಟ್ಟೆ. ಗುಡಿಸಿದ್ದನ್ನೂ ಅದ್ರಲ್ಲೇ ಹಾಕಿ ಬಾಯಿ ಕಟ್ಟಿ ಕೊಟ್ಟೆ. ಯಾವ ಕಾಲದಿಂದ ಇಟ್ಕೊಂಡಿದ್ರೋ ಮಾರಾಯ್ರೇ."

ನಟರಾಜ ತಲೆಯ ಮೇಲೆ ಕೈಹೊತ್ತು ಕೂತ. ಅಕ್ಕಸಾಲಿಯ ಅಂಗಡಿಯ ಧೂಳು ಬರೀ ಧೂಳಲ್ಲ. ಅರ ಹಾಕಿದಾಗ, ಉಜ್ಜಿದಾಗ, ಕತ್ತರಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನ ನೆಲಕ್ಕೆ ಉದುರುತ್ತದೆ. ಅದನ್ನು ಬೇರೆಯವರ ಕೈಯಲ್ಲಿ ಗುಡಿಸಲು ಕೊಡುವ ಅಕ್ಕಸಾಲಿ ಇನ್ನೂ ಹುಟ್ಟಿಲ್ಲ. ದಿನಾ ಸಂಜೆ ತಾನೇ ಗುಡಿಸಿ, ಚೀಲಕ್ಕೆ ತುಂಬಿ, ವರ್ಷಕ್ಕೊಮ್ಮೆ ಜಾಲಿಸುವವರನ್ನು ಕರೆಸುತ್ತಾನೆ. ಅವರು ಮರಿಗೆಯಲ್ಲಿ ನೀರು ಹಾಕಿ, ಕುಲುಕಿ, ಮಣ್ಣು ತೇಲಿಸಿ, ತಳದಲ್ಲಿ ಉಳಿದ ಚಿನ್ನ ತೆಗೆದುಕೊಡುತ್ತಾರೆ. ಊರಲ್ಲಿ ಆ ಕೆಲಸ ಬಲ್ಲವಳು ಈಗ ಉಳಿದಿರುವುದು ನಂಜಮ್ಮ ಒಬ್ಬಳೇ.

ನಟರಾಜ ಏಳು ವರ್ಷದಿಂದ ನಂಜಮ್ಮನನ್ನು ಕರೆಸಿರಲಿಲ್ಲ. ಕಾರಣ ಅವನ ಹೆಂಡತಿ ಲಕ್ಷ್ಮಿ. ಊರಿನ ಅರ್ಧ ಹೆಂಗಸರ ಕಿವಿಗೆ ಓಲೆ ಮಾಡಿದ ಕೈ, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸ್ವಂತ ಹೆಂಡತಿಯ ಕಿವಿಗೆ ಏನೂ ಮಾಡಿರಲಿಲ್ಲ. ಅವಳದು ಸಂತೆಯಲ್ಲಿ ಕೊಂಡ ಹಿತ್ತಾಳೆ ಗುಂಡು. "ಈ ಧೂಳಿನ ಚಿನ್ನ ನಿಂದೇ ಕಣೇ, ಬೆಂಡೋಲೆ ಮಾಡ್ಕೊಡ್ತೀನಿ" ಎಂದು ಮಾತು ಕೊಟ್ಟಿದ್ದ. ಪ್ರತಿ ವರ್ಷವೂ "ಇನ್ನೊಂದು ವರ್ಷ ಕೂಡ್ಲಿ, ದೊಡ್ಡದೇ ಆಗ್ಲಿ" ಎಂದು ಮುಂದಕ್ಕೆ ಹಾಕುತ್ತಿದ್ದ. ಈಚೆಗೆ ಹದಿನೈದು ದಿನದಿಂದ ಅವಳು ಮಂಜಿಗೆ ಕಿವಿನೋವು ಎಂದು ಮಫ್ಲರ್ ಸುತ್ತಿಕೊಂಡೇ ಓಡಾಡುತ್ತಿದ್ದಳು. ಓಲೆಯ ಮಾತನ್ನೇ ಬಿಟ್ಟಿದ್ದಳು. ಕೋಪ ನೆತ್ತಿಗೇರಿದೆ ಎಂದು ಹೆದರಿ, ಬರುವ ಭಾನುವಾರ ನಂಜಮ್ಮನನ್ನು ಕರೆಸಿಯೇಬಿಡುವುದೆಂದು ನಟರಾಜ ನಿಶ್ಚಯ ಮಾಡಿದ್ದ.

"ಸ್ಕೂಟರ್ ತೆಗಿಯೋ" ಎಂದ.

"ಅದ್ರಲ್ಲಿ ಏನಿತ್ತಣ್ಣ?"

"ಹಳೇ ಪಂಚೆ."

"ಹಳೇ ಪಂಚೆಗೆ ಯಾರಾದ್ರೂ ಇಷ್ಟು ಬೆವರ್ತಾರಾ?"

ಮೊದಲನೇ ತಿರುವಿನ ತನಕ ಪಂಚೆಯೇ ಇತ್ತು. ಎರಡನೇ ತಿರುವಿನಲ್ಲಿ ನಟರಾಜನ ಬಾಯಿ ಸೋತು ನಿಜ ಹೊರಬಿತ್ತು. ಮುಬಾರಕ್ ಗಕ್ಕನೆ ಬ್ರೇಕ್ ಹಾಕಿದ. ತನ್ನಿಂದ ಆದ ತಪ್ಪನ್ನು ತಾನೇ ಸರಿಮಾಡಬೇಕೆಂದು ಫೋನ್ ತೆಗೆದು, ಇನ್ನೂರ ನಲವತ್ತು ಜನರಿದ್ದ ಊರಿನ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜಿನಲ್ಲಿ ಗಟ್ಟಿಯಾಗಿ ಹೇಳಿದ: "ನಟ್ರಾಜಣ್ಣನ ಏಳು ವರ್ಷದ ಚಿನ್ನದ ಧೂಳು ಕಸದ ಗಾಡೀಲಿ ಹೋಗ್ಬುಟ್ಟೈತೆ. ಗಾಡಿ ಓಡ್ಸೋ ಶೃತಿ ಅಕ್ಕನ ನಂಬರ್ ಇದ್ರೆ ಯಾರಾದ್ರೂ ಬೇಗ ಕಳ್ಸಿ."

ನಟರಾಜ ಕಣ್ಣು ಮುಚ್ಚಿಕೊಂಡ. ಆ ಕ್ಷಣ ಸ್ಕೂಟರಿನಿಂದ ಇಳಿದು ಕಾಫಿ ತೋಟದೊಳಗೆ ನಡೆದುಹೋಗಿದ್ದರೆ ಅವನ ಮಾನವಾದರೂ ಉಳಿಯುತ್ತಿತ್ತು. ಇಳಿಯಲಿಲ್ಲ.

ನಂಬರನ್ನು ಯಾರೂ ಕಳಿಸಲಿಲ್ಲ. ಜನರೇ ಬಂದರು. ಊರಾಚೆ ದಿಣ್ಣೆಯ ಮೇಲಿನ ಕಸದ ಶೆಡ್ ಮುಟ್ಟುವಷ್ಟರಲ್ಲಿ ಅಲ್ಲಿ ಎರಡು ಜೀಪು, ಏಳೆಂಟು ಬೈಕು ನಿಂತಿದ್ದವು. ತೋಟದ ಕೂಲಿಮನೆಗಳ ಲೈನಿನಿಂದ ಅರ್ಧ ದಿನದ ಕೆಲಸ ಬಿಟ್ಟು ಓಡಿ ಬಂದವರಿದ್ದರು. ಶೃತಿ ಕೈಗವಸು ಹಾಕಿಕೊಂಡು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಾರೂ ಮುಟ್ಟಂಗಿಲ್ಲ. ಕೊಟ್ಟೋರು ಬಂದು ಕೇಳ್ಲಿ" ಎನ್ನುತ್ತಿದ್ದಳು.

ನಟರಾಜನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಚೀಲಕ್ಕೆ ಕೈ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ಆಚಾರ್ರೇ, ಸ್ವಲ್ಪ ತಡೀರಿ."

ರಾಜಲಕ್ಷ್ಮಮ್ಮ. ನಾಳೆ ಮಗಳ ಮದುವೆ, ಮನೆ ತುಂಬ ನೆಂಟರು. ಆದರೂ ಅರಿಶಿನದ ಕೈಯಲ್ಲೇ ಜೀಪು ಹತ್ತಿ ಬಂದಿದ್ದರು.

"ನನ್ನ ಮಗಳ ಸರಕ್ಕೆ ಅರ್ಧ ಗ್ರಾಂ ಸವೆತ ಅಂತ ಹಿಡ್ಕೊಂಡ್ರಲ್ಲ, ಸವೆತ ಅಂದ್ರೆ ಏನು?"

"ಅದು ಕೆಲಸ ಮಾಡೋವಾಗ ಧೂಳಾಗಿ ಹೋಗತ್ತಮ್ಮ."

"ಎಲ್ಲಿಗೆ ಹೋಗತ್ತೆ?"

"ನೆಲಕ್ಕೆ."

"ನೆಲದಿಂದ?"

ನಟರಾಜನ ಕಣ್ಣು ತಾನಾಗಿ ಚೀಲದ ಕಡೆ ಹೋಯಿತು. ಅಲ್ಲಿದ್ದವರೆಲ್ಲರ ಕಣ್ಣೂ ಅದರ ಹಿಂದೆಯೇ ಹೋಯಿತು.

"ಹಂಗಾದ್ರೆ ಅದು ನಮ್ದೇ ಆಯ್ತಲ್ಲ" ಎಂದರು ರಾಜಲಕ್ಷ್ಮಮ್ಮ. ಕೂಡಲೇ ಮುದುಕ ಹುಚ್ಚಣ್ಣ ಮುಂದೆ ಬಂದು, ಮೂರು ವರ್ಷದ ಹಿಂದೆ ಮಾಡಿಸಿದ ಉಂಗುರದ ಸವೆತ ಕೇಳಿದ. ಯಾರದೋ ಮೂಗುತಿ, ಯಾರದೋ ಬಳೆ, ಯಾರದೋ ಮಗುವಿನ ಉಡಿದಾರ. ಸೊಸೆಗೆ ಮಾಡಿಸಿದ ಸರದ ಸವೆತವನ್ನು ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ನಿಂತು ಕೇಳಿದರು. ಮಜೂರಿ ಜೊತೆಗೆ ಸವೆತ ಹಿಡಿಯುವುದು ಅವನ ಅಜ್ಜನ ಕಾಲದಿಂದ ನಡೆದುಬಂದದ್ದು. ಅದು ಎಲ್ಲಿಗೆ ಹೋಗುತ್ತದೆಂದು ಈ ತನಕ ಒಬ್ಬರೂ ಕೇಳಿರಲಿಲ್ಲ.

ಹೆದರಿದ ಮನುಷ್ಯ ಏನು ಮಾಡುತ್ತಾನೆ? ಸುಳ್ಳು ಹೇಳುತ್ತಾನೆ.

"ಇದ್ರಲ್ಲಿ ಚಿನ್ನಾನೂ ಇಲ್ಲ ಮಣ್ಣೂ ಇಲ್ಲ. ಮುಬಾರಕ್‌ಗೆ ಏನೋ ತಲೆ ಕೆಟ್ಟಿದೆ" ಎಂದ.

"ಇಲ್ಲ ಅಂದ್ರೆ ಜಾಲಿಸಿ ನೋಡೋಣ. ಡ್ರಮ್ಮಲ್ಲಿ ನೀರೈತೆ" ಎಂದಳು ಶೃತಿ.

ಜೀಪು ಹೋಗಿ ನಂಜಮ್ಮನನ್ನು ಮರಿಗೆಯ ಸಮೇತ ಹೊತ್ತುಕೊಂಡು ಬಂತು. ಎಪ್ಪತ್ತರ ಮುದುಕಿ ಚೀಲ ನೋಡಿದಳು, ನಟರಾಜನ ಮುಖ ನೋಡಿದಳು. "ಇದ್ರಾಗೆ ಏನೂ ಇರಕ್ಕಿಲ್ಲ ಬುಡ್ರಪ್ಪ. ಸುಮ್ಕೆ ಯಾಕೆ ನನ್ನ ಸೊಂಟ ನೋಯ್ಸೀರಿ" ಎಂದಳು. ಯಾರೂ ಬಿಡಲಿಲ್ಲ.

ಮುದುಕಿ ಕುಕ್ಕುರುಗಾಲಲ್ಲಿ ಕೂತು ಜಾಲಿಸತೊಡಗಿದಳು. ನಟರಾಜ ಮನೆದೇವರು ಕಾಳಮ್ಮನಿಗೆ ಕೈ ಮುಗಿದ. ಏನನ್ನು ಬೇಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಚಿನ್ನ ಕಂಡರೆ ಊರವರ ಪಾಲು, ಮೇಲೆ ಸುಳ್ಳುಗಾರನೆಂಬ ಹೆಸರು. ಕಾಣದಿದ್ದರೆ ಲಕ್ಷ್ಮಿಯ ಕಿವಿ ಬೋಳು. ಜನರಿಗೆ ಕಾಣದ ಹಾಗೆ ನನಗೊಬ್ಬನಿಗೇ ಕಾಣಿಸು ತಾಯಿ ಎಂದು ಬೇಡಿಕೊಂಡ.

ಒಂದು ಮರಿಗೆ ಆಯಿತು, ಎರಡಾಯಿತು, ಆರಾಯಿತು. ತಳದಲ್ಲಿ ಉಳಿದದ್ದು ಒಂದಿಷ್ಟು ಇದ್ದಿಲು, ಮೂರು ಹುಣಸೆ ಬೀಜ. ಚಿನ್ನದ ಒಂದು ಕಣವೂ ಇಲ್ಲ. ಏಳು ವರ್ಷ ದಿನಾ ಸಂಜೆ ಬಗ್ಗಿ ಗುಡಿಸಿದ್ದು ಹುಣಸೆ ಬೀಜಕ್ಕೇ ಎಂದು ನಟರಾಜನ ಹೊಟ್ಟೆ ಉರಿಯಿತು. ಆದರೂ ಮಾನ ಉಳಿಯಿತಲ್ಲ ಎಂದು ಎದೆಯುಬ್ಬಿಸಿ "ನೋಡಿದ್ರಾ?" ಎಂದ.

"ನೋಡ್ದೆ ಕಣಪ್ಪ" ಎಂದ ಹುಚ್ಚಣ್ಣ ನಿಧಾನವಾಗಿ. "ಸವೆತ ನಮ್ಮ ಒಡವೇಲಿ ಇಲ್ಲ. ಧೂಳಲ್ಲೂ ಇಲ್ಲ. ಹಂಗಾದ್ರೆ ಎಲ್ಲಿಗೆ ಹೋಯ್ತು?"

ಚಿನ್ನ ಸಿಕ್ಕಿದ್ದರೆ ಹಂಚಿಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಸಿಗದ ಚಿನ್ನವನ್ನು ಎಲ್ಲಿಂದ ತರುವುದು?

"ಆಚಾರ್ರೇ ಅಂತಿದ್ದೆ. ಇನ್ಮೇಲೆ ಏನನ್ನಬೇಕೋ ಗೊತ್ತಿಲ್ಲ ಕಣಯ್ಯ" ಎಂದರು ರಾಜಲಕ್ಷ್ಮಮ್ಮ. "ನಮ್ಮ ಚಿನ್ನ ಎಲ್ಲ ಮನೆಗೇ ಸಾಗ್ಸಿದೀಯ."

ಮುಬಾರಕ್‌ಗೆ ತಡೆಯಲಾಗಲಿಲ್ಲ. "ಹಂಗನ್ಬೇಡಿ ಅಮ್ಮ. ಚಿನ್ನ ಮನೆಗೆ ಹೋಗಿದ್ರೆ ಲಕ್ಷ್ಮಕ್ಕನ ಕಿವೀಲಿ ಹಿತ್ತಾಳೆ ಯಾಕಿರ್ತಿತ್ತು? ನಾಳೆ ಮದುವೇಗೆ ಬರ್ತಾರಲ್ಲ, ನೀವೇ ನೋಡಿ."

ಹುಡುಗ ಆ ದಿನ ಆಡಿದ ಮೊದಲನೆಯ ಬುದ್ಧಿಯ ಮಾತು ಅದು ಎಂದು ನಟರಾಜನಿಗೆ ಅನ್ನಿಸಿತು. ಜನ್ಮದಲ್ಲಿ ಮೊದಲ ಸಲ ಹಿತ್ತಾಳೆಯ ಮೇಲೆ ಪ್ರೀತಿ ಉಕ್ಕಿತು. "ಹೌದಮ್ಮ. ಅವಳ ಕಿವಿ ನೋಡಿ. ಅಲ್ಲಿ ಒಂದು ಚೂರು ಚಿನ್ನ ಕಂಡ್ರೆ ನಾನು ಈ ಊರಲ್ಲಿ ಅಂಗಡಿ ಇಡಲ್ಲ" ಎಂದು ಎಲ್ಲರ ಎದುರು ಮಾತು ಕೊಟ್ಟುಬಿಟ್ಟ.

"ಸರಿ. ಖಂಡಿತ ಕರ್ಕೊಂಡು ಬಾ. ಬರ್ಲಿಲ್ಲ ಅಂದ್ರೆ ನಮಗೆ ಅರ್ಥ ಆಗತ್ತೆ" ಎಂದು ರಾಜಲಕ್ಷ್ಮಮ್ಮ ಜೀಪು ಹತ್ತಿದರು.

ಜನ ಕರಗಿದ ಮೇಲೆ ನಟರಾಜ ನಂಜಮ್ಮನ ಪಕ್ಕ ಕೂತು ಪಿಸುಗುಟ್ಟಿದ. "ಅಜ್ಜಿ, ನಿಜ ಹೇಳು. ಚಿನ್ನ ಎಲ್ಲಿ?"

ಮುದುಕಿ ಮರಿಗೆ ಒರೆಸಿಕೊಂಡಳು. "ಮನೇಗೆ ಹೋಗಿ ಕೇಳ್ಕಳಪ್ಪ" ಎಂದಳು.

ಮನೆಗೆ ಬಂದಾಗ ಲಕ್ಷ್ಮಿ ಮರುದಿನದ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿ ಗೋಡೆಗೆ ಒರಗಿದ. ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. ಮಫ್ಲರ್ ಬಿಚ್ಚಿದಳು.

ಎರಡು ಕಿವಿಯಲ್ಲೂ ಹೊಚ್ಚಹೊಸ ಚಿನ್ನದ ಬೆಂಡೋಲೆ.

"ದೀಪಾವಳಿ ಮುಗಿದ ವಾರ ನೀವು ಕುಂದೂರಿಗೆ ಹೋಗಿದ್ರಲ್ಲ, ಆವಾಗ ನಂಜಮ್ಮನ್ನ ಕರೆಸ್ದೆ. ಆರು ಗ್ರಾಂ ಸಿಕ್ತು. ಚೀಲಕ್ಕೆ ಒಲೆಬೂದಿ, ಹಿತ್ತಲ ಮಣ್ಣು ತುಂಬಿಟ್ಟೆ. ಆಮೇಲೆ ಬಿದ್ದಿದ್ದನ್ನ ಇವತ್ತು ನಂಜಮ್ಮ ಮಣ್ಣಿನ ಜೊತೆಗೇ ತೇಲಿಸ್ಬಿಟ್ಟಿರ್ತಾಳೆ. ಮದುವೆ ದಿನ ಹೇಳೋಣ ಅಂತಿದ್ದೆ."

"ನನ್ನ ಕೈಲಿ ಕೊಟ್ಟಿದ್ರೆ ನಾನೇ ಮಾಡ್ತಿದ್ನಲ್ಲೇ."

"ಇಪ್ಪತ್ತೆರಡು ವರ್ಷ ಕಾದೆ. ಹಾಸನದ ಶೋರೂಮಲ್ಲಿ ಹದಿನೈದು ನಿಮಿಷಕ್ಕೆ ಕೊಟ್ರು. ಕಾಫಿನೂ ಕೊಟ್ರು."

ನಟರಾಜ ಬೇಡಿದ. ನಾಳೆ ಒಂದು ದಿನ ಬಿಚ್ಚಿಡು, ಹಿತ್ತಾಳೆ ಹಾಕಿಕೋ, ಅಂಗಡಿ ಹೋಗುತ್ತದೆ, ಮಾನ ಹೋಗುತ್ತದೆ ಎಂದ.

"ಹಿತ್ತಾಳೆನ ಮೊನ್ನೆ ಗುಜರಿಯೋನಿಗೆ ಕೊಟ್ಟೆ" ಎಂದಳು ಲಕ್ಷ್ಮಿ. "ಬಿಚ್ಚಲ್ಲ ಕಣ್ರೀ. ಯಾರಾದ್ರೂ ಕೇಳ್ಲಿ, ಬಿಲ್ ತೋರಿಸ್ತೀನಿ. ಹಳೇ ಚಿನ್ನ ಆರು ಗ್ರಾಂ ಕೊಟ್ಟು ತಗೊಂಡಿದ್ದು ಅಂತ ಅಚ್ಚಾಗಿ ಬರ್ದೈತೆ."

ಆ ಬಿಲ್ಲೊಂದು ಇದ್ದರೆ ಸಾಕು, ಊರವರು ಬೇರೆ ಸಾಕ್ಷಿ ಹುಡುಕಬೇಕಾಗಿರಲಿಲ್ಲ. ನಟರಾಜ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅವಳೇ ಎದುರಿಗೆ ಬಂದು ಕೂತಳು. ಬಲಗಿವಿಯ ಓಲೆ ತೆಗೆದು ಅವನ ಕೈಗಿಟ್ಟಳು. ಒಪ್ಪಿದಳೇನೋ ಎಂದು ಅವನ ಜೀವ ಒಂದು ಗಳಿಗೆ ಮೇಲೆದ್ದಿತು.

"ಇದ್ರ ತಿರುಪು ಕೂರ್ತಿಲ್ಲ. ನಾಳೆ ಬೆಳಿಗ್ಗೆ ಒಳಗೆ ಸರಿ ಮಾಡ್ಕೊಡಿ."

ಅವನು ಓಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಯಂತ್ರದ ಕೆಲಸ. ಎಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ, ತಿರುಪಿನ ತುದಿಯೊಂದು ಬಿಟ್ಟು. ಮನೆಯಲ್ಲಿದ್ದ ಸಣ್ಣ ಅರ ತಂದು, ಅಭ್ಯಾಸದಂತೆ ಮಡಿಲಲ್ಲಿ ಹಳೇ ಪೇಪರ್ ಹಾಸಿಕೊಂಡು, ನಾಲ್ಕು ಸಲ ಉಜ್ಜಿದ. ತಿರುಪು ಸರಿಯಾಗಿ ಕೂತಿತು. ಪೇಪರಿನ ಮೇಲೆ ಹಳದಿಯ ಒಂದು ಸಣ್ಣ ಗೆರೆ ಉದುರಿತ್ತು. ಬೆರಳಿಗೆ ಎಂಜಲು ಹಚ್ಚಿ ಅದನ್ನು ಒತ್ತಿ ತೆಗೆದ.

ಲಕ್ಷ್ಮಿ ಅಂಗೈ ಮುಂದೆ ಚಾಚಿದಳು.

"ಕೊಡಿ ಇಲ್ಲಿ. ಅದು ನಂದು."