ಗಂಡು ಬರುವ ಹೊತ್ತು

"ಬಿಳಿ ಅಂಗಿ ಹಾಕಿಕೊಂಡು ಹೋಗು ಮಾರಾಯ. ಗಡ್ಡ ತೆಗೆಸಿಕೋ" ಎಂದು ತೀರ್ಥರಾಮ ಶನಿವಾರ ಎರಡೆರಡು ಸಲ ಹೇಳಿದಾಗ ಧರ್ಮಪಾಲ ಒಳಗೊಳಗೇ ನಕ್ಕ. ಹಕ್ಕಿಯ ಪಟ ತೆಗೆಯಲು ಹೋಗುವವನು ಬಿಳಿ ಅಂಗಿ ತೊಟ್ಟರೆ ಹಕ್ಕಿ ಅರ್ಧ ಮೈಲಿ ದೂರದಿಂದಲೇ ಪರಾರಿಯಾಗುತ್ತದೆ. ಈ ಸಂಗತಿ ಪುತ್ತೂರಿನ ಸೊಸೈಟಿಯ ಹೆಡ್ ಗುಮಾಸ್ತನಿಗೆ ಎಲ್ಲಿಂದ ಗೊತ್ತಾಗಬೇಕು?

ಧರ್ಮಪಾಲ ಅದೇ ಸೊಸೈಟಿಯ ಕಿರಿಯ ಗುಮಾಸ್ತ. ವಯಸ್ಸು ಮೂವತ್ತು. ಹೊಸಬರ ಎದುರು ಅವನ ಬಾಯಿ ಬೀಗ ಹಾಕಿದ ಪೆಟ್ಟಿಗೆ. ಹಕ್ಕಿಯ ವಿಷಯ ಬಂದರೆ ಮಾತ್ರ ಬೀಗ ಒಡೆದು ಹೋಗುತ್ತಿತ್ತು. ಬೊಂಬಾಯಿಯಲ್ಲಿದ್ದ ಸೋದರಮಾವ ಯಾರೋ ಬಳಸಿ ಬಿಟ್ಟ ಟೆಲಿಫೋಟೋ ಲೆನ್ಸೊಂದನ್ನು ಕಳಿಸಿಕೊಟ್ಟ ಮೇಲಂತೂ ಹೇಳುವುದೇ ಬೇಡ. ಅರೆಯುವ ಕಲ್ಲಿನ ಗುಂಡಿನಷ್ಟು ಭಾರದ ಆ ಲೆನ್ಸನ್ನು ಅವನು ಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಿದ್ದ.

ಆಲೆಟ್ಟಿಯಲ್ಲಿ ತೀರ್ಥರಾಮನ ಷಡ್ಡಕ ಬೋಜಪ್ಪನ ಮನೆ. ಮನೆಯ ಹಿಂದಿನ ಗದ್ದೆ ದಾಟಿದರೆ ಒಂದು ಧೂಪದ ಮರ, ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಆ ಗಳಿಗೆಯ ಪಟ ತೆಗೆದು ಮಂಗಳೂರಿನ ಪ್ರದರ್ಶನಕ್ಕೆ ಕಳಿಸಬೇಕೆಂದು ಧರ್ಮಪಾಲ ನಿದ್ದೆಯಲ್ಲೂ ಕನವರಿಸುತ್ತಿದ್ದ.

"ಮೊದಲು ಮನೆಗೆ ಹೋಗು. ಕಾಫಿ ಕುಡಿ. ನಾಲ್ಕು ಮಾತಾಡು. ಹಕ್ಕಿ ಎಂತ, ಓಡಿ ಹೋಗ್ತದಾ?" ಎಂದಿದ್ದ ತೀರ್ಥರಾಮ.

ಹಕ್ಕಿ ಓಡಿಹೋಗುವುದಿಲ್ಲ, ಹಾರಿಹೋಗುತ್ತದೆ. ಆದಿತ್ಯವಾರ ಮೊದಲ ಬಸ್ಸಿಗೆ ಸುಳ್ಯಕ್ಕೆ ಬಂದು, ಅಲ್ಲಿಂದ ಆಲೆಟ್ಟಿಗೆ ನಡೆದ ಧರ್ಮಪಾಲ ಬೋಜಪ್ಪನ ಅಂಗಳದತ್ತ ತಿರುಗಿಯೂ ನೋಡದೆ ಗದ್ದೆಗಿಳಿದ. ಮೈಮೇಲೆ ಮಾಸಿದ ಖಾಕಿ ಅಂಗಿ, ತಲೆಗೆ ಸುತ್ತಿದ ಹಸಿರು ಬೈರಾಸು, ಅದಕ್ಕೆ ಸಿಕ್ಕಿಸಿದ ನಾಲ್ಕು ಸೊಪ್ಪಿನ ಗೆಲ್ಲು. ಪೊದೆಯ ಹಿಂದೆ ಕವುಚಿ ಮಲಗಿ, ಮರದ ಬೊಡ್ಡೆಯ ಮೇಲೆ ಲೆನ್ಸು ಊರಿ, ಕಣ್ಣು ಅಂಟಿಸಿದ.

"ಎಂತ, ಹಿಂದಿನ ದಾರಿಯಿಂದ ಬಂದದ್ದಾ?"

ಗಿರಿಜಾ ಮೀಸೆಯ ಬೋಜಪ್ಪ ಬಂದು ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದ.

"ಶ್! ಮೆಲ್ಲ ಮಾತಾಡಿ" ಎಂದ ಧರ್ಮಪಾಲ, ಕಣ್ಣು ತೆಗೆಯದೆ.

"ಸಂಬಳ ಎಷ್ಟು ಬರ್ತದೆ?"

"ಸಾಕಾಗುವಷ್ಟು."

"ಕೆಲಸ ಪರ್ಮನೆಂಟಾ?"

"ಹೂಂ."

"ಕುಡಿಯುದು ಗಿಡಿಯುದು ಉಂಟಾ?"

"ಈಗ ಎಂತದೂ ಬೇಡ. ಆಮೇಲೆ ನೋಡುವಾ."

ಬೋಜಪ್ಪ ಮೀಸೆ ಎಳೆದುಕೊಳ್ಳುತ್ತ ಎದ್ದು ಹೋದ. ಊರಿನವರಿಗೆ ಬೇರೆ ಕೆಲಸವಿಲ್ಲ ಎಂದು ಧರ್ಮಪಾಲ ಗೊಣಗಿಕೊಂಡ.

ಅಷ್ಟರಲ್ಲಿ ಬೋಜಪ್ಪನ ತಾಯಿ ದುಗ್ಗಮ್ಮ ತಟ್ಟೆಯಲ್ಲಿ ಅವಲಕ್ಕಿ, ಬಾಳೆಹಣ್ಣು ಹಿಡಿದು ಗದ್ದೆಯ ಅಂಚಿನ ಎತ್ತರದ ಹುಣಿಯ ಮೇಲೆ ಬಂದಳು. ಅದೇ ಹೊತ್ತಿಗೆ ತಲೆಯ ಗೆಲ್ಲಿನಲ್ಲಿದ್ದ ಕೆಂಪಿರುವೆಗಳು ಅಂಗಿಯೊಳಗೆ ಇಳಿದವು. ಧರ್ಮಪಾಲ ಬಾಯಿ ಬಿಡುವಂತಿಲ್ಲ, ಹಕ್ಕಿ ಹೆದರುತ್ತದೆ. ಹಾಗಾಗಿ ಅಂಗಿ ಕಿತ್ತೆಸೆದು, ತುಟಿ ಕಚ್ಚಿಕೊಂಡು, ಮೂಕನಾಗಿ ಕುಣಿದ. ಭೂತ ಮೈಮೇಲೆ ಬಂದವನೂ ಇಷ್ಟು ಚುರುಕಾಗಿ ಕುಣಿಯಲಿಕ್ಕಿಲ್ಲ.

"ಶಿವ ಶಿವಾ!" ದುಗ್ಗಮ್ಮ ತಟ್ಟೆಯನ್ನು ಹುಣಿಯ ಮೇಲೆ ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದಳು. ಅವಲಕ್ಕಿ ಕಾಗೆಗಳ ಪಾಲಾಯಿತು.

ಬಿಸಿಲೇರಿತು. ಬೋಜಪ್ಪ ಮತ್ತೆ ಬಂದ. ಈ ಸಲ ದನಿ ತಗ್ಗಿಸಿ, ಸ್ವಲ್ಪ ನಾಚಿಕೊಂಡೇ ಕೇಳಿದ.

"ಹೆಣ್ಣನ್ನು ನೋಡಿ ಆಯ್ತಾ?"

ಹಕ್ಕಿಯ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳುವವನೊಬ್ಬ ಕೊನೆಗೂ ಸಿಕ್ಕಿದನಲ್ಲ! ಧರ್ಮಪಾಲನಿಗೆ ಹುರುಪು ಬಂತು.

"ಆಗಲೇ ಒಮ್ಮೆ ಇಣುಕಿತ್ತು. ನೋಡಿದೆ."

"ಹೇಗೆ? ಮನಸ್ಸಿಗೆ ಬಂತಾ?"

"ಬಾಯಿ ಸ್ವಲ್ಪ ಉದ್ದ. ಅದು ಈ ಜಾತಿಯಲ್ಲಿ ಎಲ್ಲದಕ್ಕೂ ಹಾಗೆಯೇ, ದೋಷ ಹೇಳ್ಲಿಕ್ಕಾಗುದಿಲ್ಲ."

ಬೋಜಪ್ಪನ ಮೀಸೆ ಅದುರಿತು. "ಮತ್ತೆ?"

"ಮತ್ತೆಂತ? ಕೆಲಸ ಬೊಗಸೆ ಇಲ್ಲ. ಒಳಗೆ ಕೂತು ಗಂಡು ತಂದು ಹಾಕಿದ್ದನ್ನು ತಿನ್ನುದು. ಪಾಪ, ಈ ಗಂಡಿನ ಅವಸ್ಥೆ ನೋಡಿದ್ರೆ ಬೇಜಾರಾಗ್ತದೆ ಮಾರಾಯ್ರೆ!"

ಬೋಜಪ್ಪ ಧಡಕ್ಕನೆ ಎದ್ದು ಹೊರಟುಹೋದ. ಅವನು ತುಳಿದಲ್ಲೆಲ್ಲ ಗದ್ದೆಯ ಹೆಂಟೆ ಪುಡಿಯಾಯಿತು.

ಮೂರು ಗಂಟೆಯ ಸುಮಾರಿಗೆ ದೂರದ ಕಾಡಿನಿಂದ ಮಂಗಟ್ಟೆಯ ಗಡಸು ಕೂಗು ಕೇಳಿತು. ಧರ್ಮಪಾಲ ಉಸಿರು ಬಿಗಿಹಿಡಿದ. ಆಗಲೇ ಹಿಂದಿನಿಂದ ಹೆಜ್ಜೆ ಸಪ್ಪಳ, ಜೊತೆಗೆ ಗಾಜಿನ ಬಳೆಗಳ ಕಿಣಿಕಿಣಿ.

"ಮಜ್ಜಿಗೆ ತಂದಿದ್ದೇನೆ" ಎಂದಿತು ಒಂದು ಮೆಲುದನಿ.

"ಶ್! ಅಲ್ಲೇ ಇಡಿ. ಆ ಬಳೆ ತೆಗೀರಿ."

"ಬಳೆ ತೆಗೆಯುದಾ?"

"ಹೌದು, ಎಲ್ಲ ತೆಗೀರಿ! ಬೇಗ! ಗಂಡು ಬರುವ ಹೊತ್ತಾಯ್ತು!"

ರೆಕ್ಕೆಯಿಂದ ಬೀಸಣಿಗೆಯ ಸದ್ದು ಮಾಡುತ್ತ ಮಂಗಟ್ಟೆ ಬಂತು. ಧೂಪದ ಕಾಂಡಕ್ಕೆ ಅಂಟಿ ಕೂತಿತು. ಕೊಕ್ಕಿನ ತುದಿಯಲ್ಲಿ ಕೆಂಪು ಗೋಳಿಹಣ್ಣು. ಪೊಟರೆಯ ಸೀಳಿನಿಂದ ಹೆಣ್ಣಿನ ಕೊಕ್ಕು ಹೊರಬಂತು. ಧರ್ಮಪಾಲನ ಬೆರಳು ಇನ್ನೇನು ಗುಂಡಿ ಒತ್ತುವುದರಲ್ಲಿತ್ತು.

"ಅಯ್ಯಯ್ಯೋ! ಮದುವೆಯಾಗದ ಹುಡುಗಿಯ ಬಳೆ ತೆಗೆಸ್ತಿದ್ದಾನಲ್ಲಾ! ಬೋಜಪ್ಪಾ, ಓಡಿ ಬಾ!"

ಹುಣಿಯ ಮರೆಯಲ್ಲಿದ್ದ ದುಗ್ಗಮ್ಮನ ಬೊಬ್ಬೆಗೆ ಗೋಳಿಹಣ್ಣು ಕೆಳಗೆ ಬಿತ್ತು. ಮಂಗಟ್ಟೆ ಕೇರಳದ ದಿಕ್ಕಿಗೆ ಹೋಯಿತು. ಧರ್ಮಪಾಲ ತಿರುಗುವಷ್ಟರಲ್ಲಿ ಹುಡುಗಿಯೂ ಇಲ್ಲ; ಮಜ್ಜಿಗೆಯ ಚೊಂಬೊಂದೇ ಕೂತಿತ್ತು. ಗದ್ದೆಯಾಚೆಯಿಂದ ಬೋಜಪ್ಪ ಪಂಚೆ ಎತ್ತಿ ಕಟ್ಟುತ್ತ ಬರುವುದು ಕಂಡಿತು. ಅದನ್ನು ನೋಡಲು ಲೆನ್ಸು ಬೇಕಾಗಿರಲಿಲ್ಲ. ಧರ್ಮಪಾಲ ಕ್ಯಾಮೆರಾ ಬಾಚಿಕೊಂಡು ರಸ್ತೆಗೆ ಓಡಿದ.

ರಸ್ತೆ ಬದಿಯ ಗೂಡಂಗಡಿಯಲ್ಲಿ, ಮಧ್ಯಾಹ್ನದ ಬಸ್ಸಿಗೆ ಬಂದಿಳಿದಿದ್ದ ತೀರ್ಥರಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲೆಯಡಿಕೆ ಜಗಿಯುತ್ತ ಕೂತಿದ್ದ.

"ಬಂದ್ಯಾ! ಹೇಗಿದ್ದಾಳೆ ನಮ್ಮ ಕುಮುದಿನಿ?"

"ಯಾವ ಕುಮುದಿನಿ ತೀರ್ಥರಾಮಣ್ಣ?"

"ಬೋಜಪ್ಪಣ್ಣನ ಮಗಳು ಮಾರಾಯ! ಹಕ್ಕಿ ನೋಡುವ ನೆವದಲ್ಲಿ ಹುಡುಗ ಹೆಣ್ಣು ನೋಡ್ಲಿಕ್ಕೆ ಬರ್ತಾನೆ ಅಂತ ಅವರಿಗೆ ಹೇಳಿದ್ದೆ. ನಿನಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಹಿಂದಿನ ಎರಡು ಸಲದ ಹಾಗೆ ಚಾಪೆ ನೋಡ್ತಾ ಮೂಗನ ಹಾಗೆ ಕೂತುಬಿಡ್ತಿ!"

ಧರ್ಮಪಾಲ ಬೆಂಚಿನ ಮೇಲೆ ಕುಸಿದ. ನಡೆದದ್ದನ್ನೆಲ್ಲ ತೊದಲುತ್ತ ಹೇಳಿದ. 'ಬಾಯಿ ಉದ್ದ' ಎಂಬಲ್ಲಿಗೆ ತೀರ್ಥರಾಮ ಎಲೆಯಡಿಕೆ ನುಂಗಿದ. ಬಳೆಯ ವಿಷಯ ಬಂದಾಗ ಕೆಮ್ಮು ಹತ್ತಿ, ಅಂಗಡಿಯವನು ನೀರು ಕೊಡಬೇಕಾಯಿತು.

"ಅವಳ ಮುಖವನ್ನೇ ನಾನು ನೋಡ್ಲಿಲ್ಲ ತೀರ್ಥರಾಮಣ್ಣ" ಎಂದ ಧರ್ಮಪಾಲ. "ದನಿ ಮಾತ್ರ ಕೇಳಿದ್ದು. ಒಳ್ಳೆ ದನಿ."

ತೀರ್ಥರಾಮನ ಮನಸ್ಸು ಕರಗಿತು. "ಇಲ್ಲೇ ಇರು. ನಾನು ಹೋಗಿ ಸಮಾಧಾನ ಮಾಡಿ ಬರ್ತೇನೆ" ಎಂದು ಹೊರಟ.

ಅವನು ಹಿಂದಿರುಗುವಾಗ ಹೊತ್ತು ಮುಳುಗುತ್ತಿತ್ತು. ಮುಖದಲ್ಲಿ ನಗು ಇತ್ತು.

"ಎಲ್ಲ ಬಿಡಿಸಿ ಹೇಳಿದೆ. ಬೋಜಪ್ಪಣ್ಣನ ಸಿಟ್ಟು ಇಳಿಯಿತು. ಕುಮುದಿನಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡ್ಳು. ಬರುವ ಆದಿತ್ಯವಾರ ನೀನು ಕ್ಯಾಮೆರಾ ಹಿಡ್ಕೊಂಡು ಬರ್ಲೇಬೇಕಂತೆ."

ಧರ್ಮಪಾಲನ ಮುಖ ಗಾಳಿ ಹಾಕಿದ ಪೆಟ್ರೋಮ್ಯಾಕ್ಸಿನ ಹಾಗೆ ಬೆಳಗಿತು. "ಬರ್ತೇನೆ, ಖಂಡಿತ ಬರ್ತೇನೆ! ಅವಳೇ ಹೇಳಿದ್ದಾ?"

"ಎಲ್ಲರೂ ಹೇಳಿದ್ರು. ಕಡಬದ ಒಬ್ಬ ಹುಡುಗ ಒಪ್ಪಿ ಒಂದು ತಿಂಗಳಾಗಿತ್ತಂತೆ, ಇವರದ್ದೇ ಅನುಮಾನ. ಇವತ್ತು ನಿನ್ನನ್ನು ನೋಡಿದ ಮೇಲೆ ಆ ಹುಡುಗ ಎಷ್ಟೋ ವಾಸಿ ಅಂತ ಎಲ್ಲರಿಗೂ ಅನಿಸಿತಂತೆ. ಬರುವ ಆದಿತ್ಯವಾರ ನಿಶ್ಚಿತಾರ್ಥ. ಪಟ ತೆಗೀಲಿಕ್ಕೆ ಜನ ಬೇಕಲ್ಲ?"

ಬಸ್ಸು ಬಂತು. ಧರ್ಮಪಾಲ ಹತ್ತಿ, ಲೆನ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ತೀರ್ಥರಾಮ ಪಕ್ಕದಲ್ಲಿ ಕೂತು ಅವನ ಹೆಗಲು ತಟ್ಟಿ ಸಮಾಧಾನ ಮಾಡಿದ.

"ನಾಚಿಕೆಗೀಚಿಕೆ ಎಂತ ಬೇಡ ಮಾರಾಯ. ನೀನು ಅಂಗಳಕ್ಕೇ ಬರಬೇಕಂತ ಇಲ್ಲ. ಅಷ್ಟುದ್ದದ ಲೆನ್ಸು ಉಂಟಲ್ಲ, ಗದ್ದೆಯ ಆಚೆಯಿಂದ ತೆಗೆದ್ರೆ ಸಾಕು ಅಂತ ದುಗ್ಗಮ್ಮಜ್ಜಿ ಒತ್ತಿ ಒತ್ತಿ ಹೇಳಿದ್ದಾರೆ."