ಕೆಟ್ಟ ಲಿಫ್ಟಿನ ಕೊನೆಯ ಹಾಡು

"ಇವತ್ತು ಸಂಜೆ ಈ ಮನೆಯಲ್ಲಿ ತಾಯಿ ಅನ್ನೋಳು ಇರೋದಿಲ್ಲ!"

ಹೀಗೆಂದು ನಾನು ಘೋಷಿಸಿದ್ದು ಅಡುಗೆಮನೆಯ ನಟ್ಟನಡುವೆ, ಆಗಷ್ಟೇ ಕುದಿಸಿ ತೆಗೆದ ಹಾಲಿನ ಬಾಟಲಿಯನ್ನು ಖಡ್ಗದಂತೆ ಎತ್ತಿ ಹಿಡಿದು. ಕೇಳಿಸಿಕೊಂಡವರು ಇಬ್ಬರು. ಒಬ್ಬರು ನನ್ನ ಗಂಡ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಊರಿನವರ ಕಣ್ಣಿನ ದೋಷವೆಲ್ಲ ಕಾಣುತ್ತದೆ, ಮನೆಯಲ್ಲಿ ತಮ್ಮ ಕಾಲಡಿಯ ಒದ್ದೆ ಟವಲ್ ಮಾತ್ರ ಕಾಣುವುದಿಲ್ಲ. ಇನ್ನೊಬ್ಬರು ನಮ್ಮತ್ತೆ, ನಿವೃತ್ತ ವ್ಯಾಯಾಮ ಶಿಕ್ಷಕಿ. ಮೂರನೆಯ ಸದಸ್ಯೆ, ಹತ್ತು ತಿಂಗಳ ನನ್ನ ಮಗಳು, ನೆಲದ ಮೇಲೆ ಕುಳಿತು ಏನನ್ನೋ ಭಕ್ತಿಯಿಂದ ನೆಕ್ಕುತ್ತಿದ್ದಳು.

"ತಾಯಿ ಇಲ್ಲ, ಸರಿ. ಹೆಂಡತಿ?" ಎಂದರು ಗಂಡ.

"ಅವಳೂ ಇಲ್ಲ!"

"ಹಾಗಾದ್ರೆ ಸೋಫಾ ಮೇಲೆ ಆರಾಮಾಗಿ ಕಾಲು ಚಾಚಿ..."

"ರೀ! ಪಾಪು ಬಾಯಲ್ಲಿ ನಿಮ್ಮ ಚಪ್ಪಲಿ!" ಎಂದು ಇಲ್ಲದ ತಾಯಿ ಹಾರಿಬಿದ್ದಳು.

ನನ್ನ ಹೆದರಿಕೆಗೆ ನನ್ನ ಉದ್ಯೋಗವೂ ಒಂದು ಕಾರಣ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ ಸಣ್ಣಕ್ಷರದ ಕಾಗದ, ಅದನ್ನು ತಿದ್ದುವುದು ನನ್ನ ಕೆಲಸ. ತಲೆಸುತ್ತು, ವಾಂತಿ, ದದ್ದು, ಅಪರೂಪಕ್ಕೆ ಮರಣ. ದಿನವಿಡೀ ಇದನ್ನೇ ಓದುವವಳು ತಾಯಿಯಾದರೆ ಏನಾಗಬೇಕೋ ಅದೇ ಆಗಿದೆ. ಪಾಪು ಸೀನಿದರೆ ಬೇರೆಯವರಿಗೆ ಶೀತ ಕಾಣುತ್ತದೆ. ನನಗೆ ಆ 'ಅಪರೂಪಕ್ಕೆ' ಮಾತ್ರ ಕಾಣುತ್ತದೆ.

ಇಂಥವಳು ಮನೆ ಬಿಟ್ಟು ಹೊರಟಿದ್ದು ಯಾತಕ್ಕೆ? 'ಕೆಟ್ಟ ಲಿಫ್ಟ್'ಗೋಸ್ಕರ.

ಕೆಟ್ಟ ಲಿಫ್ಟ್ ಎಂದರೆ ನಮ್ಮ ಕಾಲೇಜು ದಿನಗಳ ಮಹಾ ರಾಕ್ ಬ್ಯಾಂಡ್. ಮೊದಲು ತಾಲೀಮು ನಡೆಸುತ್ತಿದ್ದ ಕಟ್ಟಡದ ಲಿಫ್ಟ್ ಕೆಟ್ಟು, ದಿನಾ ಡ್ರಮ್ಮುಗಳನ್ನು ಹೊತ್ತು ಮೇಲಿನ ಮಹಡಿ ಹತ್ತುತ್ತಿದ್ದರಂತೆ. ಆ ಸಿಟ್ಟಿನಲ್ಲೇ ಸಂಗೀತ ಹುಟ್ಟಿತಂತೆ. ಅಭಿಮಾನಿಗಳಾದ ನಮಗೆ 'ಮೆಟ್ಟಿಲಿನವರು' ಎಂದು ಬಿರುದು. ಅದರ ಗಾಯಕನನ್ನು ನಾವು ಕರೆಯುತ್ತಿದ್ದದ್ದು ಗಂಟಲಣ್ಣ ಎಂದು. ಅವನ ಒಂದು ಹಾಡಿದೆ: 'ಮಲಗಬೇಡ, ಊರು ಹೊತ್ತಿ ಉರಿಯುತಿದೆ!' ಹಾಸ್ಟೆಲಿನ ತಾರಸಿಯ ಮೇಲೆ ಅದನ್ನು ಕಿರುಚಿ ಕಿರುಚಿ ಬೆಳಗು ಮಾಡಿದವಳು ನಾನು. ನಿದ್ದೆ ಎಂಬುದು ಮುದುಕರ ಚಟ ಎಂದು ಭಾಷಣ ಬಿಗಿದವಳು. ಆಗ ನನಗೆ ಯಾವುದರ ಭಯವೂ ಇರಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ.

ಆ ಹಾಡನ್ನು ಎದುರಿಗೆ ನಿಂತು ಕೇಳುವ ಭಾಗ್ಯ ಮಾತ್ರ ನನಗಿರಲಿಲ್ಲ. ಒಮ್ಮೆ ಪರೀಕ್ಷೆ ಅಡ್ಡಬಂತು. ಇನ್ನೊಮ್ಮೆ ಟಿಕೆಟ್ ಕೈಯಲ್ಲಿ, ಹೆರಿಗೆ ನೋವು ಹೊಟ್ಟೆಯಲ್ಲಿ! ಮೆಟ್ಟಿಲಿನವಳಾದ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಈಗ ಡ್ರಮ್ಮಿನವನಿಗೆ ಮೊಣಕಾಲು ನೋವು, ಗಿಟಾರಿನವನಿಗೆ ಉಳಿದವರೆಲ್ಲರ ಮೇಲೆ ಮುನಿಸು. ಬ್ಯಾಂಡ್ ಮುಚ್ಚುತ್ತಿದ್ದಾರೆ. ನಮ್ಮೂರಿನದೇ ಕೊನೆಯ ಕಾರ್ಯಕ್ರಮ. ಇದೂ ತಪ್ಪಿದರೆ ಆ ಹಾಡು ಈ ಜನ್ಮಕ್ಕೆ ಇಲ್ಲ.

ಮತ್ತೆ, ಆ ಹಾಡಿಗೂ ನನ್ನ ಮಗಳಿಗೂ ಒಂದು ನಂಟಿದೆ. ಹೆತ್ತ ಹೊಸತರಲ್ಲಿ ಪಾಪು ರಚ್ಚೆ ಹಿಡಿದಾಗ ನನಗೆ ಒಂದೇ ಒಂದು ಜೋಗುಳವೂ ಬರುತ್ತಿರಲಿಲ್ಲ. ಪೂರ್ತಿ ಬಾಯಿಪಾಠ ಇದ್ದದ್ದು ಇದೊಂದೇ. ದಿಕ್ಕು ತೋಚದೆ ನಿಧಾನಕ್ಕೆ, ಬೆನ್ನು ತಟ್ಟುತ್ತಾ, "ಮಲಗಬೇಡಾ... ಊರು ಹೊತ್ತೀ ಉರಿಯುತಿದೇ..." ಎಂದು ಎಳೆದೆ. ಮಲಗಿಬಿಟ್ಟಳು! ಅಂದಿನಿಂದ ಇದೇ ಕ್ರಮ. ಮಲಗಬೇಡ ಎಂದು ಹೇಳಿಸಿಕೊಂಡು ಮಲಗುವ ಮಗು ಜಗತ್ತಿನಲ್ಲಿ ಬಹುಶಃ ನನ್ನದೊಂದೇ. ನನ್ನ ಕಂಠದ ಮಹಿಮೆ ಎಂಥದೆಂದರೆ ಎರಡನೆಯ ಚರಣದವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಅದನ್ನು ಹಾಡಿದ ನೆನಪೇ ನನಗಿಲ್ಲ ಅಂದಮೇಲೆ ನೀವೇ ಲೆಕ್ಕ ಹಾಕಿ.

"ನೀನಿಲ್ದೆ ಮಲಗ್ತಾಳೇನೇ?" ಎಂದು ಗಂಡ ತಲೆ ಕೆರೆದುಕೊಂಡರು.

"ಅತ್ತೆ ಇದ್ದಾರಲ್ಲ!"

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. "ಇಡೀ ಶಾಲೆಯನ್ನ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದೋಳು ನಾನು. ಒಂದು ಕೂಸನ್ನ ಮಲಗಿಸೋಕೆ ಬರಲ್ವೇನಮ್ಮ? ನೀನು ಹೋಗು. ಒಂದು ಸಂಜೆಯಾದ್ರೂ ನಿನ್ನ ಆ ಗೊರಕೆ ಇಲ್ದೆ..."

"ಅತ್ತೆ! ನಾನು ಗೊರಕೆ ಹೊಡಿಯಲ್ಲ!"

ಇದು ನಮ್ಮ ಮನೆಯ ಹಳೆಯ ವ್ಯಾಜ್ಯ. ರಾತ್ರಿ ಮಲಗುವ ಕೋಣೆಯಿಂದ ಒಂದು ಸದ್ದು ಬರುತ್ತದೆ ಎಂದು ತಾಯಿ ಮಗ ಇಬ್ಬರ ಆರೋಪ. ಅದು ಗೋಡೆಯಾಚೆಯ ಫ್ರಿಜ್ಜಿನದು ಎಂದು ನನ್ನ ವಾದ. ಫ್ರಿಜ್ಜು ಈವರೆಗೆ ನಿರಾಕರಿಸಿಲ್ಲ.

ಕಾಲೇಜಿನ ಕಪ್ಪು ಟೀ ಶರ್ಟನ್ನು ಉಸಿರು ಬಿಗಿಹಿಡಿದು ಏರಿಸಿಕೊಂಡೆ. ಕಣ್ಣ ಸುತ್ತ ಕಪ್ಪು ಬಳಿಯಲು ಹೋದರೆ ಅರ್ಧ ಕೆಲಸವನ್ನು ನಿದ್ದೆಗೇಡು ಆಗಲೇ ಮಾಡಿ ಮುಗಿಸಿತ್ತು. ಗಂಡ ವೃತ್ತಿಯ ಕಾಳಜಿಯಿಂದ, "ಎಡಗಣ್ಣಿಗೆ ಸೋಂಕೇನೇ?" ಎಂದರು. ನಾನು ಚೀಲ ಹೆಗಲಿಗೇರಿಸಿ ಹೊರಟೆ. ಮಹಾಪ್ರಸ್ಥಾನ! ಓಣಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಒಮ್ಮೆ ವಾಪಸಾದೆ. ಜ್ವರದ ಔಷಧಿ ತೋರಿಸಲು ಮತ್ತೊಮ್ಮೆ. ಮೂರನೆಯ ಸಲ ಅತ್ತೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದರು.

ಮೋಡ ಮುಚ್ಚಿದ ಸಂಜೆ. ಸ್ಟೇಡಿಯಂ ಬಾಗಿಲಲ್ಲಿ ಕಾವಲಿನಾಕೆ ನನ್ನ ಚೀಲಕ್ಕೆ ಕೈ ಹಾಕಿದಳು. ಥರ್ಮಾಮೀಟರ್ ಬಂತು. ಡೈಪರ್ ಬಂತು. ಕೊನೆಗೆ ಹಳದಿ ಬಣ್ಣದ ಗಿಲಕಿ ಬಂತು.

"ಇದನ್ನ ಒಳಗೆ ಬಿಡಲ್ಲ ಮೇಡಂ."

"ಗಿಲಕಿ ಕಣಮ್ಮ! ಮಗುವಿಂದು!"

"ಶಬ್ದ ಮಾಡೋ ವಸ್ತು ತರಬಾರದು. ಬೇರೆಯವರಿಗೆ ತೊಂದರೆ ಆಗುತ್ತೆ."

ಒಳಗೆ ಮನೆಯಷ್ಟು ಎತ್ತರದ ಧ್ವನಿಪೆಟ್ಟಿಗೆಗಳು 'ಢಂ' ಎಂದು ಪರೀಕ್ಷೆಗೊಳಗಾಗುತ್ತಿದ್ದವು. ನನ್ನ ಗಿಲಕಿ ಶಬ್ದಮಾಲಿನ್ಯದ ಅಪರಾಧಿಯಾಗಿ ಹೊರಗುಳಿಯಿತು!

ಮೈದಾನ ಅರ್ಧವೂ ತುಂಬಿರಲಿಲ್ಲ. ಅಂದಿನ ಮೆಟ್ಟಿಲಿನವರು ಒಬ್ಬೊಬ್ಬರೇ ಬರುತ್ತಿದ್ದರು, ಮೆಟ್ಟಿಲ ಕಟಕಟೆ ಹಿಡಿದುಕೊಂಡು, ಏದುಸಿರು ಬಿಡುತ್ತಾ. ಎಲ್ಲರದ್ದೂ ಅದೇ ಟೀ ಶರ್ಟು, ಒಳಗಿನ ದೇಹ ಮಾತ್ರ ಬೇರೆ. ನನ್ನ ಪಕ್ಕದ ಕುರ್ಚಿಗೆ ಬೋಳುತಲೆಯ ಒಬ್ಬರು ಬಂದು ಕುಳಿತು, ಆಗಲೇ ಕರವಸ್ತ್ರ ಕೈಯಲ್ಲಿ ಹಿಡಿದುಕೊಂಡರು.

ಗಂಟಲಣ್ಣ ಬಂದ. ಎತ್ತರದ ಸ್ಟೂಲ್ ತರಿಸಿಕೊಂಡು ಕುಳಿತ. ಗಿಟಾರು 'ಞೀಂ' ಎಂದು ಚೀರಿದ್ದೇ ತಡ, ನಾನು ಥಟ್ಟನೆ ಎದ್ದು, "ಬಂದೆ ಬಂದೆ ಪಾಪೂ!" ಎಂದುಬಿಟ್ಟೆ. ಬೋಳುತಲೆಯವರು ಅದನ್ನು ಹೊಸ ಘೋಷಣೆ ಎಂದುಕೊಂಡು "ಪಾಪೂ!" ಎಂದು ಮುಷ್ಟಿ ಎತ್ತಿದರು.

ಮೊದಲ ಹಾಡಿನ ಮಧ್ಯೆ ಫೋನ್ ಮಾಡಿದೆ. ಪಾಪು ಅಳುತ್ತಿದ್ದಳು. ಎರಡನೆಯದರ ಮಧ್ಯೆಯೂ ಮಾಡಿದೆ. ಅಳು ಮೇಲಿನ ಸ್ಥಾಯಿಗೆ ಏರಿತ್ತು.

"ಅತ್ತೆ, ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡಿದೆಯಾ ನೋಡಿ! ಕಿವಿನೋವಿರಬಹುದು! ಏನಾದ್ರೂ ನುಂಗಿದಾಳಾ?"

"ಏನೂ ನುಂಗಿಲ್ಲ. ನನ್ನ ಪ್ರಾಣ ಒಂದು ನುಂಗ್ತಿದಾಳೆ!" ಎಂದರು ಅತ್ತೆ. ಇಡೀ ಶಾಲೆಯನ್ನು ಆಳಿದ ಆ ದನಿ ಬತ್ತಿಹೋಗಿತ್ತು. "ಏನ್ ಮಾಡಿದ್ರೂ ಮಲಗ್ತಿಲ್ಲ ಕಣಮ್ಮ. ನಿನ್ನ ಗಂಡ ಹಾಡಿದ. ಆಮೇಲಂತೂ ಇನ್ನೂ ಜೋರು."

ಹೋಗಿಬಿಡಲೇ? ಹೋದರೆ ಹಾಡು ಹೋಯಿತು, ಎಂದೆಂದಿಗೂ. ಇದ್ದರೆ ಮಗು ಅತ್ತು ಅತ್ತು ನೀಲಿಯಾಗಿ, ಅಪರೂಪಕ್ಕೆ... ಚೀಲ ಹೆಗಲಿಗೇರಿಸಿ ಎದ್ದೆ. ಆಗ ಗಂಡನ ದನಿ: "ಏಯ್, ತಾಳು. ಆ ಹಾಡು ಶುರುವಾದಾಗ ಫೋನ್ ಮಾಡು. ಸ್ಪೀಕರ್ ಹಾಕಿ ಪಾಪುಗೆ ಕೇಳಿಸೋಣ. ನೀನು ಹಾಡಿದ್ರೇ ಮಲಗ್ತಾಳೆ, ಅಸಲಿ ಗಂಟಲಣ್ಣ ಹಾಡಿದ್ರೆ ಕೇಳ್ಬೇಕಾ!"

ಮದುವೆಯಾದ ಮೇಲೆ ಈ ಮನುಷ್ಯ ಆಡಿದ ಅತ್ಯಂತ ಬುದ್ಧಿವಂತ ಮಾತು ಇದು ಎನ್ನಿಸಿ ಕಣ್ಣು ತುಂಬಿತು. ಕುಳಿತೆ.

ಕೊನೆಗೂ ಬಂತು. ದೀಪಗಳೆಲ್ಲ ಆರಿ ಒಂದೇ ಒಂದು ಉಳಿಯಿತು. ಗಂಟಲಣ್ಣ, "ಇದೇ ಕೊನೇದು. ಈ ಸಲ ಮೆಲ್ಲಗೆ ಹಾಡ್ತೀನಿ," ಎಂದ. ಡ್ರಮ್ಮಿಲ್ಲ, ಚೀರಾಟವಿಲ್ಲ. ಒಂದೇ ಗಿಟಾರು. ಜನ ತಲೆದೂಗತೊಡಗಿದರು. ನಾನು ಮನೆಗೆ ಫೋನ್ ಮಾಡಿ ವೇದಿಕೆಯತ್ತ ಎತ್ತಿ ಹಿಡಿದೆ. ಕೈ ಸೋತಿತು. ಫೋನನ್ನು ಎದೆಗೆ, ಗದ್ದದ ಕೆಳಗೆ ಒರಗಿಸಿಕೊಂಡೆ, ಪಾಪುವನ್ನು ಒರಗಿಸಿಕೊಳ್ಳುವಂತೆಯೇ. ಇನ್ನೊಂದು ಕೈ ತನ್ನಷ್ಟಕ್ಕೆ ಚೀಲದ ಬೆನ್ನು ತಟ್ಟತೊಡಗಿತು.

"ಮಲಗಬೇಡಾ..." ಎಂದ ಗಂಟಲಣ್ಣ.

ಇಷ್ಟು ವರ್ಷ ಕಾದ ಹಾಡು! ನನ್ನ ಯೌವನ, ನನ್ನ ತಾರಸಿ, ನನ್ನ...

"ಮೇಡಂ. ಮೇಡಂ, ಏಳ್ತೀರಾ? ಮುಗೀತು."

ಕಣ್ಣು ಬಿಟ್ಟೆ. ವೇದಿಕೆಯ ಮೇಲೆ ಇಬ್ಬರು ವೈರುಗಳನ್ನು ಸುತ್ತುತ್ತಿದ್ದರು. ಒಬ್ಬಾಕೆ ಖಾಲಿ ಲೋಟಗಳನ್ನು ಗುಡಿಸಿ ರಾಶಿ ಹಾಕುತ್ತಿದ್ದಳು. ಗಂಟಲಣ್ಣನ ಸ್ಟೂಲನ್ನು ಯಾರೋ ತಲೆಕೆಳಗೆ ಮಾಡಿ ಹೊತ್ತೊಯ್ದರು. ಪಕ್ಕದಲ್ಲಿ ಬೋಳುತಲೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಂಥ ತನ್ಮಯತೆ ನಿಮ್ದು! ಎಲ್ಲರೂ ವಿಡಿಯೋ ತೆಗೀತಾ ಕೂತಿದ್ರೆ ನೀವೊಬ್ರೇ ಕಣ್ಮುಚ್ಚಿ ತಲೆ ತೂಗ್ತಿದ್ರಿ. ಎರಡನೇ ಚರಣಕ್ಕೆ ಮೈಕ್ ಕೆಳಗಿಟ್ಟು ಬರೀ ಗಂಟಲಲ್ಲಿ ಹಾಡಿದ್ರಲ್ಲ! ಆಗಲೂ ನೀವು ಕಣ್ಣು ಬಿಡ್ಲಿಲ್ಲ. ಅಭಿಮಾನಿ ಅಂದ್ರೆ ನೀವು!"

"ಹ್ಞೂಂ," ಎಂದೆ. ನಿದ್ದೆಗೆಡಿಸಲೆಂದೇ ಹುಟ್ಟಿದ ಹಾಡಿಗೆ ನಾನು ನಿದ್ದೆ ಹೋಗಿದ್ದೆ. ದಾರಿಯುದ್ದಕ್ಕೂ ತುಂತುರು ಹನಿಯಿತು. ಬಸ್ಸಿನ ಕಿಟಕಿಯಲ್ಲಿ ಕಣ್ಕಪ್ಪು ಕೆನ್ನೆಗೆ ಇಳಿದ ಒಬ್ಬ ಹೆಂಗಸು ಕಾಣುತ್ತಿದ್ದಳು. ಗುರುತಿನವಳೇನಲ್ಲ. ನಾನು ಅಳಲಿಲ್ಲ, ಅಳಲು ಬೇಕಾದ ಶಕ್ತಿಯೂ ಇರಲಿಲ್ಲ. ಮನೆಯಲ್ಲಿ ಮಾತ್ರ ಈ ಸುದ್ದಿ ಬಾಯಿ ಬಿಡಬಾರದೆಂದು ನಿರ್ಧರಿಸಿದೆ. ಮಾನವಾದರೂ ಉಳಿಯಲಿ!

ಬಾಗಿಲು ತೆರೆದರೆ ಮನೆ ನಿಶ್ಶಬ್ದ.

"ಪಾಪು? ಉಸಿರಾಡ್ತಿದಾಳಾ?"

"ಮಲಗಿದಾಳಮ್ಮ, ಚೆನ್ನಾಗಿ," ಎಂದರು ಅತ್ತೆ ಸೋಫಾದಿಂದ. "ಹೇಗಿತ್ತು ನಿನ್ನ ಹಾಡು?"

"ಅಯ್ಯೋ, ಏನು ಹೇಳ್ಲಿ ಅತ್ತೆ!" ನಾನು ಚಪ್ಪಲಿ ಬಿಡುತ್ತಲೇ ಶುರುಮಾಡಿದೆ. "ಮೈಯೆಲ್ಲ ಕಿವಿಯಾಗಿ ಕೇಳಿದೆ. ಒಂದು ರೆಪ್ಪೆ ಮಿಟುಕಿಸ್ಲಿಲ್ಲ!"

"ಎರಡನೇ ಚರಣ?" ಗಂಡ ಕೇಳಿದರು.

"ಮೈಕೇ ಇಲ್ದೆ, ಬರೀ ಗಂಟಲಲ್ಲಿ ಹಾಡಿದ್ರು ರೀ! ಆ ಕ್ಷಣ ನಾನು ಈ ಲೋಕದಲ್ಲೇ ಇರ್ಲಿಲ್ಲ."

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ತುಟಿ ಅದುರುತ್ತಿತ್ತು.

"ಅದು ನಮಗೂ ಗೊತ್ತಾಯ್ತು. ಒಂದು ಮಾತು ಹೇಳು, ಸ್ಟೇಡಿಯಂಗೆ ಫ್ರಿಜ್ ಯಾಕೆ ಹೊತ್ಕೊಂಡು ಹೋಗಿದ್ದೆ?"

ನಾನು ಫೋನ್ ಕಟ್ ಮಾಡಿರಲಿಲ್ಲ!

"ನೋಡು, ನಿನ್ನದು ಹೊಸ ಫೋನು," ಗಂಡ ಬಲು ಶಾಂತವಾಗಿ ವಿವರಿಸಿದರು. "ಸುತ್ತಲಿನ ಗಲಾಟೆನೆಲ್ಲ ಸೋಸಿಬಿಟ್ಟು ಹತ್ತಿರದ ಮನುಷ್ಯರ ದನಿ ಮಾತ್ರ ಕಳಿಸುತ್ತೆ. ಅದರ ಪಾಲಿಗೆ ನಿನ್ನ ಗಂಟಲಣ್ಣ ಗಲಾಟೆ. ನಿನ್ನದು ದನಿ."

"ಅವನ ಹಾಡು ಸೊಳ್ಳೆ ಹಾಗೆ ಗುಂಯ್ ಅಂತಿತ್ತಮ್ಮ, ಪಾಪು ಅಳು ನಿಲ್ಲಿಸಲೇ ಇಲ್ಲ," ಎಂದು ಅತ್ತೆ ಕೈ ತಿರುಗಿಸಿದರು. "ಆಮೇಲೆ ನಿಂದು ಶುರುವಾಯ್ತು ನೋಡು. ಗರ್ರ್... ಅಂತ. ತಟಕ್ಕನೆ ಅಳು ನಿಲ್ಸಿದ್ಲು. ಬೆರಳು ಬಾಯಿಗಿಟ್ಟಳು. ಮಲಗೇಬಿಟ್ಟಳು! ಇಷ್ಟು ದಿನ ಅವಳು ಮಲಗ್ತಿದ್ದಿದ್ದು ಹಾಡಿಗಲ್ಲ ಕಣಮ್ಮ."

"ರೆಕಾರ್ಡ್ ಮಾಡ್ಕೊಂಡಿದೀನಿ," ಎಂದರು ಗಂಡ ಹೆಮ್ಮೆಯಿಂದ. "ಮುಂದಿನ ಸಲ ನೀನು ನಿಶ್ಚಿಂತೆಯಿಂದ ಹೋಗ್ಬಹುದು."

ಮುಂದಿನ ಸಲ! ಇನ್ನೆಲ್ಲಿಯ ಮುಂದಿನ ಸಲ? ಆ ಗುಂಯ್‌ಗುಡುವ ಸೊಳ್ಳೆಯೇ ಕೆಟ್ಟ ಲಿಫ್ಟಿನ ಕೊನೆಯ ಹಾಡು. ನನ್ನ ಪಾಲಿಗೆ ಉಳಿದಿದ್ದು ಅಷ್ಟೇ. ಗಂಡನ ಫೋನನ್ನು ಕಿತ್ತುಕೊಂಡು ಕೋಣೆಗೆ ಹೋಗಿ, ಪಾಪುವಿನ ಪಕ್ಕ ಉರುಳಿ, ಆ ರೆಕಾರ್ಡಿಂಗ್ ಹಾಕಿ ಕಿವಿಗೆ ಒತ್ತಿಹಿಡಿದೆ. ಗೊರಕೆಯ ಮಧ್ಯೆ ಮಧ್ಯೆ, ಬಹಳ ದೂರದಲ್ಲಿ, ಯಾವುದೋ ತಾರಸಿಯ ಮೇಲಿಂದೆಂಬಂತೆ, ಗಂಟಲಣ್ಣ ನಿಜಕ್ಕೂ ಇದ್ದ. ಎರಡನೆಯ ಚರಣ ಬರಲಿ, ಇವತ್ತು ಕೇಳಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿ ಕಾದೆ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು. ಕೆನ್ನೆಯ ಮೇಲೆ ಫೋನಿನ ಅಚ್ಚು ಮೂಡಿತ್ತು. ಗಂಡ ಪಾಪುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ರೀ, ರಾತ್ರಿ ಪಾಪು ಎದ್ದಿದ್ಲಾ?" ಎಂದು ಗಾಬರಿಯಿಂದ ಎದ್ದು ಕುಳಿತೆ.

"ಒಂದು ಸಲ ಎದ್ಲು. ನೀನೂ ನಿದ್ದೆಗಣ್ಣಲ್ಲೇ ಎದ್ದು ತಟ್ಟೋಕೆ ಶುರುಮಾಡಿದೆ."

"ಮತ್ತೆ ಯಾವಾಗ ಮಲಗಿದ್ಲು?"

"ನೀನು ಮಲಗಿದ ಮೇಲೆ," ಎಂದರು. "ದಿನಾ ಮಲಗೋ ಹಾಗೆ."